ತವರಿನ ಮೊರ ಯಾರಿಗೆ?

ಈ ಸಲದ ಗೌರಿಹಬ್ಬದ ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತವರು ನಾಲ್ವರೇ: ನಾನು, ನನ್ನ ಹೆಂಡತಿ, ಮಗಳು, ಅಕ್ಕ. ಒಬ್ಬಟ್ಟು, ಕೋಸಂಬರಿ, ಒಬ್ಬಟ್ಟಿನ ಸಾರು, ಮಾತು ಕಡಿಮೆ. ಗೋಡೆಯ ಬದಿಗೆ ಅಕ್ಕ ತಂದ ಕೌದಿ ಮಡಿಸಿಟ್ಟಿತ್ತು. ತೀರಿಹೋದ ಅಮ್ಮನ ಹಳೆಯ ಸೀರೆಗಳನ್ನು ಸೇರಿಸಿ ಅವಳೇ ಹೊಲಿದದ್ದು. ಅದರ ಪಕ್ಕದಲ್ಲಿ ನಾವು ಅವಳಿಗೆ ಕೊಟ್ಟ ಮೊರದ ಬಾಗಿನ. ಅಷ್ಟೇ. ಆದರೆ ಈ ಅಷ್ಟಕ್ಕೇ ನಮ್ಮ ಬಂಧುವರ್ಗದಲ್ಲಿ ಗದ್ದಲವೆದ್ದಿದೆ. ಕಾರಣ, ಅಕ್ಕ ವಿಧವೆ.

"ಇದು ಶಾಸ್ತ್ರಕ್ಕೆ ವಿರುದ್ಧ" ಎಂದರು ನಮ್ಮ ಸೋದರತ್ತೆ; ಅವರ ಯಜಮಾನರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. "ಪಾಪ, ಅವಳ ಮನಸ್ಸಿಗೆ ನೋವಾಗುವುದಿಲ್ಲವೇ?" ಎಂದರು ಇನ್ನೊಬ್ಬರು. "ದುಡ್ಡು ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?" ಎಂದರು ಲೋಕಜ್ಞರಾದ ಮೂರನೆಯವರು. ಮೂವರಿಗೂ ಇಲ್ಲಿಯೇ ಉತ್ತರ ಹೇಳುತ್ತೇನೆ. ಏಕೆಂದರೆ ಇದು ನನ್ನೊಬ್ಬನ ಮನೆಯ ಮಾತಲ್ಲ.

ಮೊದಲು ಶಾಸ್ತ್ರ. ಭಾದ್ರಪದ ಶುದ್ಧ ತದಿಗೆಯಂದು ಗೌರಿ ತವರಿಗೆ ಬರುತ್ತಾಳೆ, ಚೌತಿಯಂದು ಮಗ ಗಣಪ ಅವಳನ್ನು ಕರೆದೊಯ್ಯಲು ಬರುತ್ತಾನೆ ಎಂಬುದು ನಾವೆಲ್ಲ ಕೇಳಿ ಬೆಳೆದ ಕಥೆ. ಶಿವನ ಮಡದಿಯೆಂಬ ಮರ್ಯಾದೆ ಅವಳಿಗೆ ಕೈಲಾಸದಲ್ಲಿ ಹೇಗೂ ಉಂಟು. ಇಲ್ಲಿಗೆ ಅವಳು ಬರುವುದು ಮಗಳಾಗಿ. ಗಂಡ ಸತ್ತರೆ ಹೆಂಡತಿಯ ಪಟ್ಟ ಹೋದೀತು. ಮಗಳ ಪಟ್ಟ ಹೋಗುವುದು ಹೇಗೆ?

ಇನ್ನು ಮೊರದೊಳಗೆ ಇಣುಕೋಣ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಬಾಚಣಿಗೆ, ಕನ್ನಡಿ, ಬಳೆ, ಅರಿಶಿನ, ಕುಂಕುಮ, ಕರಿಮಣಿ. ಇವುಗಳಲ್ಲಿ ಮದುವೆಯಿಂದ ಬಂದದ್ದು ಕರಿಮಣಿಯೊಂದೇ. ಅಕ್ಕ ಬಳೆ ತೊಟ್ಟು, ಕುಂಕುಮವಿಟ್ಟು ನಮ್ಮ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ ಭಾವನ ಹೆಸರೂ ನಮಗೆ ತಿಳಿದಿರಲಿಲ್ಲ. ತವರು ಕೊಟ್ಟದ್ದನ್ನು ಗಂಡನ ಸಾವು ಹೇಗೆ ಕಸಿದೀತು? ಕಸಿಯುವವರು ನಾವು, ಕೆಟ್ಟ ಹೆಸರು ಮಾತ್ರ ಯಮನಿಗೆ.

ಈ ವಿಷಯದಲ್ಲಿ ಕಾನೂನು ನಮಗಿಂತ ಮುಂದಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಗಂಡನ ಆಸ್ತಿಯಲ್ಲಿ ವಿಧವೆಗೆ ದೊರೆತ ಪಾಲಿನ ಮೇಲೆ ಅವಳಿಗೆ ಪೂರ್ಣ ಒಡೆತನ ಕೊಟ್ಟಿತು. 2005ರ ತಿದ್ದುಪಡಿ, ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮಾನಳನ್ನಾಗಿ ಮಾಡಿತು. ಹೊಲಮನೆಯಲ್ಲಿ ಪಾಲು ಕೊಡುವ ಕಾನೂನು "ನಿನ್ನ ಗಂಡ ಇದ್ದಾನೆಯೇ?" ಎಂದು ಮಗಳನ್ನು ಕೇಳುವುದಿಲ್ಲ. ಪಾವಕ್ಕಿಯ ಮೊರ ಕೇಳುತ್ತದೆ!

ನೋವಿನ ಮಾತನ್ನು ನಾನು ತಳ್ಳಿಹಾಕಲಾರೆ. ಎಲ್ಲರ ಕೈಗೂ ಬಲವಂತವಾಗಿ ಬಾಗಿನ ತುರುಕಿರೆಂಬುದು ನನ್ನ ವಾದವಲ್ಲ. ಕೇಳಿ ಕೊಡಿರೆಂಬುದೇ ನನ್ನ ವಾದ. ಹಬ್ಬಕ್ಕೆ ಹತ್ತು ದಿನ ಮುಂಚೆ ನಾನು ಅಕ್ಕನನ್ನು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಕರಿಮಣಿ ಬೇಡ ಕಣೋ. ಮಿಕ್ಕಿದ್ದೆಲ್ಲ ಇಡು" ಎಂದಳು. ಕೇಳುವ ಗೋಜಿಗೆ ಹೋಗದೆ ಅವಳ ಪರವಾಗಿ ನಾವೇ ನೊಂದುಕೊಳ್ಳುತ್ತೇವಲ್ಲ, ಅದು ಕರುಣೆಯಲ್ಲ, ನಮ್ಮ ಅನುಕೂಲ.

ದುಡ್ಡಿನ ವಿಷಯದಲ್ಲಿ ನಾನೇ ಅಪರಾಧಿ. ಭಾವ ತೀರಿಕೊಂಡ ಮೇಲೆ ಮೂರು ವರ್ಷ ನಾನೂ ಹಬ್ಬದ ಬೆಳಿಗ್ಗೆ ಫೋನಿನಲ್ಲೇ ಹಣ ಕಳಿಸಿ ಕೈತೊಳೆದುಕೊಂಡೆ. ಅದು ಮೊರಕ್ಕಿಂತ ಹೆಚ್ಚು ಬೆಲೆಯದೇ. ಆದರೆ ಆ ಹಣಕ್ಕಾಗಿ ಅವಳು ನಮ್ಮ ಹೊಸಿಲು ತುಳಿಯಬೇಕಾಗಿರಲಿಲ್ಲ, ನಾನು ಅವಳ ಮುಖ ನೋಡಬೇಕಾಗಿರಲಿಲ್ಲ. ಆ ಮೂರು ಹಬ್ಬಗಳಲ್ಲಿ ಅವಳು ಏನುಂಡಳೆಂದು ನಾನು ಕೇಳಿರಲಿಲ್ಲ. ಈ ಸಲ ಎಲೆಯ ಮುಂದೆ ಕುಳಿತಾಗ ಕೇಳಿದೆ. "ಒಬ್ಬಳಿಗೆ ಏನು ಮಾಡಿಕೊಳ್ಳಲೋ, ಮೊಸರನ್ನ" ಎಂದಳು.

ವಾಚಕ ಮಹಾಶಯರೇ, ನಿಮ್ಮ ಮನೆತನದಲ್ಲೂ ಇಂಥ ಅಕ್ಕನೋ ತಂಗಿಯೋ ಇದ್ದಾರು. ಕೊಡುವ ಮಾತು ಆಮೇಲಾಗಲಿ, ಮೊದಲು ಕೇಳಿ. ಬೇಡವೆಂದರೆ ಊಟಕ್ಕಾದರೂ ಕರೆಯಿರಿ.

ಮುಂದಿನ ಗೌರಿಹಬ್ಬಕ್ಕೆ ಎರಡು ಬಾಗಿನ ಸಿದ್ಧಮಾಡಬೇಕೆಂದು ನನ್ನ ಆಸೆ. ಎರಡನೆಯದರ ವಿಷಯವನ್ನು ಸೋದರತ್ತೆಯವರನ್ನು ಇನ್ನೂ ಕೇಳಬೇಕಾಗಿದೆ.