ಬಚ್ಚಲ ಕೊಳವೆಗೆ ತೇಪೆ ಹಚ್ಚುವವರಿಗೆ



ನಮ್ಮ ಬಂಧುಗಳ ಹಳೆಯ ಮನೆಗಳಲ್ಲಿ ನಾನು ಮೇಲಿಂದ ಮೇಲೆ ಕೇಳುವ ಮಾತೊಂದಿದೆ: "ಬಚ್ಚಲ ಕಟ್ಟಿದ್ರ ಆಳು ಕರಸಿದ್ರಾತು ಬಿಡ್ರಿ." ಆ ಆಳು ಯಾರೆಂದು ಯಾರೂ ಕೇಳುವುದಿಲ್ಲ. ಬಹುಕಾಲ ನಾನೂ ಕೇಳಿರಲಿಲ್ಲ.

ಗಂಗಾವತಿಯ ನಮ್ಮ ಹಿರಿಯರ ಮನೆಗೆ 1970ರ ದಶಕದ ಕೊನೆಯಲ್ಲಿ ತಂದೆಯವರು ಶೌಚಾಲಯ ಕಟ್ಟಿಸಿ, ಸುಟ್ಟ ಮಣ್ಣಿನ ಕೊಳವೆ ಹಾಕಿಸಿದ್ದರು. ನಿವೃತ್ತಿಯ ನಂತರ ಅಲ್ಲಿಗೆ ಬಂದ ನಾನು, ಪ್ರತಿ ಮಳೆಗಾಲ ಕೊಳವೆ ಕಟ್ಟಿದಾಗ ಬಿದಿರಿನ ದಬ್ಬೆ ಹಾಕಿಸಿ, ಬಿರುಕಿಗೆ ಸಿಮೆಂಟು ಮೆತ್ತಿಸಿ ಸುಮ್ಮನಾಗುತ್ತಿದ್ದೆ. ಮೂರನೆಯ ವರ್ಷ ಬಂದವನು ಅಂಗಿ ಕಳಚಿ, ಚೇಂಬರಿನೊಳಗೆ ಭುಜದವರೆಗೆ ತೋಳು ಇಳಿಸಿದ. ಗಾಜಿನ ಚೂರು ತಗುಲಿ ಅಂಗೈ ಸೀಳಿತು. ಗಾಬರಿಯಾದ ನನ್ನನ್ನು ಅವನೇ ಸಮಾಧಾನಪಡಿಸಿದ: "ಇರ್ಲಿ ಬಿಡ್ರಿ ಸರ. ನಾ ನಿಮ್ಮ ಕೈಯಾಗ ಎಂಟನೇತ್ತಾ ಓದೀನ್ರಿ." ಅವನ ಹಾಜರಿ ಕರೆದವನು ನಾನು, ಅವನು ಶಾಲೆ ಬಿಟ್ಟಾಗ ಏಕೆಂದು ವಿಚಾರಿಸದವನೂ ನಾನೇ.

ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಮ್ಮ ರಾಜ್ಯ ನಿಷೇಧಿಸಿತು. ಆದರೂ 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರ ಕಾಯ್ದೆಯ ಪ್ರಕಾರ, ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಅದು ಮನೆಯ ಒಡೆಯನಿಗೂ ಅನ್ವಯಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆದೇಶಿಸಿತು. ಗುಂಡಿಯ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆಯಿಲ್ಲವೆಂದು ಇಳಿದವನು ಮೇಲೆ ಬರುವುದಿಲ್ಲ.

"ಹಳೇದು ಗಟ್ಟಿ ಇರ್ತೈತಿ, ವಿಜಯನಗರದ ಕಾಲುವಿ ಇನ್ನೂ ಹರೀತಾವ" ಎಂದು ವಾದಿಸುವವರಿದ್ದಾರೆ. ನಿಜ, ನಮ್ಮ ತಾಲೂಕಿನಲ್ಲಿಯೇ ಹರಿಯುತ್ತವೆ. ಕಾಲಕಾಲಕ್ಕೆ ಹೂಳೆತ್ತಿ, ದುರಸ್ತಿ ಮಾಡಿದ್ದರಿಂದ ಹರಿಯುತ್ತವೆ. ನೆಲದಡಿ ಹೂತು ಮರೆತ ಕೊಳವೆಗೆ ಆ ಭಾಗ್ಯವಿಲ್ಲ.

ಕೊನೆಗೆ ನೆಲ ಅಗೆಸಿದೆ. ಬೆಸುಗೆಗಳೆಲ್ಲ ಬಾಯಿಬಿಟ್ಟಿದ್ದವು, ಹಿತ್ತಲ ಬೇವಿನ ಬೇರು ಒಳಹೊಕ್ಕು ಜಡೆಯಂತೆ ಹೆಣೆದುಕೊಂಡಿತ್ತು, ನೆಲ ಕುಸಿದು ವಾಟ ತಪ್ಪಿತ್ತು. ನಾನು ಮೆತ್ತಿಸಿದ ಸಿಮೆಂಟು ಒಳಗೆ ಇಳಿದು ದಾರಿಯನ್ನು ಇನ್ನಷ್ಟು ಕಿರಿದಾಗಿಸಿತ್ತು. ಈಗ ನಾಲ್ಕಿಂಚಿನ ಪಿವಿಸಿ ಪೈಪು, ನಲವತ್ತು ಅಡಿಗೆ ಒಂದು ಅಡಿಯ ವಾಟ, ತಿರುವಿಗೊಂದು ಚೇಂಬರು, ಬಚ್ಚಲ ಬಾಯಿಗೆ ಜಾಲರಿ ಹಾಕಿಸಿದ್ದೇನೆ. ಗುಂಡಿ ತುಂಬಿದರೆ ಹೀರುವ ಯಂತ್ರದ ಗಾಡಿ ಬರುತ್ತದೆ. ತಗುಲಿದ ಖರ್ಚು, ಮಗಳ ಮದುವೆಯಲ್ಲಿ ಒಂದು ದಿನದ ಹೂವಿನ ಮಂಟಪಕ್ಕೆ ನಾನು ಕೊಟ್ಟದ್ದಕ್ಕಿಂತ ಕಡಿಮೆ.

ನಿಜಕ್ಕೂ ಶಕ್ತಿಯಿಲ್ಲದವರ ಮೇಲೆ ನನ್ನ ತಕರಾರಿಲ್ಲ. ಪಡಸಾಲೆಗೆ ಗ್ರಾನೈಟು ಹಾಕಿಸಿ, ಬಚ್ಚಲ ಕೊಳವೆಗೆ ತೇಪೆ ಹಚ್ಚುವವರನ್ನು ಕುರಿತು ಹೇಳುತ್ತಿದ್ದೇನೆ. ಆ ಉಳಿತಾಯದ ಬೆಲೆಯನ್ನು ಇನ್ನೊಬ್ಬನ ಕೈ ತೆರುತ್ತದೆ.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆಂದು ಊರಿಗೆ ಬರುವ ನನ್ನ ವಿದ್ಯಾರ್ಥಿಗಳೇ, ತಂದೆ-ತಾಯಿಯರ ಮನೆಗೆ ಬಣ್ಣ ಬಳಿಸುವ ಮೊದಲು ಹಿತ್ತಲಿಗೆ ಹೋಗಿ ಚೇಂಬರಿನ ಮುಚ್ಚಳ ತೆಗೆದು ನೋಡಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿದ್ದವನು ಮುಂದಿನ ಮಳೆಗಾಲದಲ್ಲಿ ಅಲ್ಲಿ ಕೈ ಇಳಿಸದಂತಾಗಲಿ.