ಜಾರುವುದೇ ಎಣ್ಣೆಯ ಗುಣವೆ?

ಕಳೆದ ಮಳೆಗಾಲಕ್ಕೆ ಮುಂಚೆ ನನ್ನ ಮೋಟಾರ್ ಸೈಕಲ್ಲಿನ ಎಂಜಿನ್ ಎಣ್ಣೆಯನ್ನು ಬದಲಾಯಿಸಬೇಕಾಯಿತು. ಅಂಗಡಿಯವರು ಕಾರುಗಳಿಗೆಂದು ತಯಾರಾದ, ಬೆಲೆಯಲ್ಲಿಯೂ ಮೇಲಾದ ಎಣ್ಣೆಯ ಡಬ್ಬಿಯೊಂದನ್ನು ಮುಂದಿಟ್ಟು, “ಇದು ಬಹಳ ನುಣುಪು ಸಾರ್, ಎಂಜಿನ್ನು ಸವೆಯುವುದೇ ಇಲ್ಲ” ಎಂದರು. ಭೌತವಿಜ್ಞಾನವನ್ನು ಬೋಧಿಸುವ ನಾನೂ ಆ ಮಾತಿಗೆ ತಲೆದೂಗಿದೆ. ಕೆಲವು ವಾರಗಳ ತರುವಾಯ ಆಗುಂಬೆಯ ಘಾಟಿಯನ್ನು ಏರುತ್ತಿದ್ದಾಗ ಎಂಜಿನ್ನು ಭೋರ್ಗರೆಯಿತು. ಗಾಡಿಯ ವೇಗ ಮಾತ್ರ ಹೆಚ್ಚಲಿಲ್ಲ. ಹಿಂದೆ ಲಾರಿ, ಮುಂದೆ ತಿರುವು. ಕ್ಲಚ್ಚು ಜಾರುತ್ತಿತ್ತು.

ಹೆಚ್ಚು ಜಾರುವ ಎಣ್ಣೆಯೇ ಹೆಚ್ಚು ಒಳ್ಳೆಯದೆಂಬ ನಂಬಿಕೆಯನ್ನು ಮೋಟಾರ್ ಸೈಕಲ್ಲಿನ ವಿಷಯದಲ್ಲಾದರೂ ನಾವು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ.

ಗೇರನ್ನು ಕೈಯಿಂದ ಬದಲಾಯಿಸುವ ಸಾಮಾನ್ಯ ಕಾರಿನಲ್ಲಿ ಕ್ಲಚ್ಚು ಒಣಗಿದ್ದು, ಎಂಜಿನ್ ಎಣ್ಣೆಯ ಸಂಪರ್ಕಕ್ಕೆ ಬಾರದು. ಇಂದಿನ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿಯಾದರೋ ಎಂಜಿನ್ನು, ಗೇರುಗಳು, ಕ್ಲಚ್ಚು ಈ ಮೂರಕ್ಕೂ ಒಂದೇ ಎಣ್ಣೆ. ಒಂದರ ಪಕ್ಕದಲ್ಲೊಂದು ಜೋಡಿಸಿದ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ತೊಯ್ದಿದ್ದರೂ ಸ್ಪ್ರಿಂಗುಗಳ ಒತ್ತಡದಿಂದ ಪರಸ್ಪರ ಹಿಡಿದುಕೊಳ್ಳಬೇಕು. ಇಂಧನವನ್ನು ಉಳಿಸುವುದಕ್ಕಾಗಿ ಕಾರಿನ ಅನೇಕ ಎಣ್ಣೆಗಳಿಗೆ ಘರ್ಷಣೆಯನ್ನು ತಗ್ಗಿಸುವ ಮಾಲಿಬ್ಡಿನಂ ಮೊದಲಾದವುಗಳ ಸಂಯುಕ್ತಗಳನ್ನು ಬೆರೆಸುತ್ತಾರೆ. ಎಂಜಿನ್ನಿನ ಉಪಕಾರಿಯಾದ ಈ ವಸ್ತು ಕ್ಲಚ್ಚಿಗೆ ಮಾರಿಯಾಗಬಹುದು. ಯಾವ ಮೈ ಜಾರಬೇಕು, ಯಾವುದು ಹಿಡಿಯಬೇಕು ಎಂಬ ವಿವೇಕ ಎಣ್ಣೆಗೆಲ್ಲಿಯದು?

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಸ್ಪ್ರಿಂಗುಗಳ ಒತ್ತಡ 600 ನ್ಯೂಟನ್, ಉಜ್ಜುವ ಮೈಗಳು 8, ಅವುಗಳ ಸರಾಸರಿ ತ್ರಿಜ್ಯ 5 ಸೆಂಟಿಮೀಟರ್, ಘರ್ಷಣ ಗುಣಾಂಕ 0.12 ಆಗಿರಲಿ. ಇವನ್ನೆಲ್ಲ ಗುಣಿಸಿದರೆ ಕ್ಲಚ್ಚು ಜಾರದೆ ಸಾಗಿಸಬಲ್ಲ ತಿರುಗುಬಲ 28.8 ನ್ಯೂಟನ್-ಮೀಟರ್. ಏರಿನಲ್ಲಿ ಕ್ಲಚ್ಚಿನ ಮೇಲೆ ಬೀಳುವುದು 25 ಆದರೆ ಚಿಂತೆಯಿಲ್ಲ. ಗುಣಾಂಕ 0.10ಕ್ಕೆ ಇಳಿಯಿತೆನ್ನಿ, ಸಾಮರ್ಥ್ಯವು 24ಕ್ಕೆ ಇಳಿಯುತ್ತದೆ, ಕ್ಲಚ್ಚು ಜಾರುತ್ತದೆ. ಜಾರಿದೊಡನೆ ಶಾಖ ಹುಟ್ಟುತ್ತದೆ. ಶಾಖದಿಂದ ಪ್ಲೇಟುಗಳು ಕೆಡುತ್ತವೆ. ಕೆಟ್ಟ ಪ್ಲೇಟುಗಳು ಇನ್ನಷ್ಟು ಜಾರುತ್ತವೆ.

ಈ ತೊಡಕನ್ನು ಮನಗಂಡೇ ಜಪಾನಿನ ವಾಹನ ಮಾನಕ ಸಂಸ್ಥೆಯು 1998ರಲ್ಲಿ ‘ಜಾಸೊ’ ಎಂಬ ಗುರುತಿನ ಮಾನಕವನ್ನು ಹೊರತಂದಿತು. ಅದರಲ್ಲಿ ‘ಎಂಎ’ ಎಂಬುದು ತೊಯ್ದ ಕ್ಲಚ್ಚಿಗೆ ಬೇಕಾದಷ್ಟು ಘರ್ಷಣೆಯನ್ನು ಉಳಿಸುವ ಎಣ್ಣೆ. ‘ಎಂಬಿ’ ಎಂಬುದು ಘರ್ಷಣೆ ಕಡಿಮೆಯಾದ ಎಣ್ಣೆ, ಒಣ ಕ್ಲಚ್ಚಿನ ಗೇರಿಲ್ಲದ ಸ್ಕೂಟರುಗಳಿಗೆ ಒಪ್ಪುವಂಥದು. 2006ರಲ್ಲಿ ‘ಎಂಎ’ಯನ್ನು ಮತ್ತೆ ‘ಎಂಎ1’, ‘ಎಂಎ2’ ಎಂದು ವಿಂಗಡಿಸಲಾಯಿತು. ಎರಡನೆಯದರಲ್ಲಿ ಹಿಡಿತ ಹೆಚ್ಚು.

ಹಾಗೆಂದು ಎಲ್ಲ ತಪ್ಪನ್ನೂ ಎಣ್ಣೆಯ ತಲೆಗೆ ಕಟ್ಟುವುದು ವಿಜ್ಞಾನವಲ್ಲ. ಕ್ಲಚ್ ಕೇಬಲ್ಲು ಬಿಗಿಯಾಗಿ ಹಿಡಿಕೆಯಲ್ಲಿ ಸಡಿಲವೇ ಇಲ್ಲದಿದ್ದರೆ, ಪ್ಲೇಟುಗಳು ಸವೆದಿದ್ದರೆ, ಸ್ಪ್ರಿಂಗುಗಳು ಸೋತಿದ್ದರೆ ಯೋಗ್ಯವಾದ ಎಣ್ಣೆಯಲ್ಲಿಯೂ ಕ್ಲಚ್ಚು ಜಾರುವುದು. ಖರ್ಚಿಲ್ಲದ ಪರೀಕ್ಷೆ ಕೇಬಲ್ಲಿನದು. ಅದು ಮೊದಲು ನಡೆಯಲಿ. ನನ್ನ ಗಾಡಿಯ ಕೇಬಲ್ಲು ಸರಿಯಾಗಿಯೇ ಇತ್ತು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನು ತುಂಬಿಸಿ ಕೆಲವು ದಿನ ಓಡಿಸಿದ ಮೇಲೆ ಜಾರುವಿಕೆ ನಿಂತಿತು. ಒಂದೇ ಗಾಡಿಯ ಅನುಭವದಿಂದ ನಿಯಮವನ್ನು ಮಾಡಲಾಗದು. ಆದರೆ ಎಚ್ಚರಿಕೆಗೆ ಅಷ್ಟು ಸಾಕು.

ದಿನವಿಡೀ ಗಾಡಿಯ ಮೇಲೆ ಸಾಮಾನು ಹೊತ್ತು ಬದುಕುವವನಿಗೆ ಕೆಟ್ಟ ಕ್ಲಚ್ಚೆಂದರೆ ಕೂಲಿಯ ನಷ್ಟ; ಏರಿನಲ್ಲಿ ಲಾರಿಯನ್ನು ಹಿಂದೆ ಹಾಕುವವನಿಗೆ ಪ್ರಾಣದ ಪ್ರಶ್ನೆ. ಆದಕಾರಣ ಎಣ್ಣೆಯ ಡಬ್ಬಿಯ ಮೇಲೆ ಸಣ್ಣ ಅಕ್ಷರಗಳ ಸಂಕೇತದ ಜೊತೆಗೆ, ‘ತೊಯ್ದ ಕ್ಲಚ್ಚಿಗೆ ಯೋಗ್ಯ’ ಅಥವಾ ‘ಯೋಗ್ಯವಲ್ಲ’ ಎಂಬ ಒಂದು ಸಾಲು ಕನ್ನಡದಲ್ಲಿಯೂ ಇರಬೇಕು. ಮಾರುವವರು ಬೆಲೆಯನ್ನು ಹೇಳುವುದಕ್ಕೆ ಮೊದಲು ಗಾಡಿ ಯಾವುದೆಂದು ಕೇಳಬೇಕು. ಕೊಳ್ಳುವವರು ಕೈಪಿಡಿಯನ್ನು ತೆರೆದು ನೋಡಬೇಕು.

ಅಧ್ಯಾಪಕರಾದ ನಮ್ಮ ಪಾಲಿನ ತಪ್ಪೂ ಇಲ್ಲಿದೆ. ಘರ್ಷಣೆಯೆಂದರೆ ಶಕ್ತಿಯ ನಷ್ಟ, ಅದನ್ನು ತಗ್ಗಿಸಲು ಎಣ್ಣೆ ಎಂದು ಕಲಿಸಿ ಪಾಠ ಮುಗಿಸುತ್ತೇವೆ. ಘರ್ಷಣೆಯಿಲ್ಲದಿದ್ದರೆ ನಡೆಯುವ ಕಾಲೂ ಇಲ್ಲ, ಉರುಳುವ ಚಕ್ರವೂ ಇಲ್ಲ. ಎಲ್ಲಿ ಎಷ್ಟು ಘರ್ಷಣೆ ಬೇಕೆಂಬ ತಿಳಿವಳಿಕೆಯೇ ಯಂತ್ರವಿದ್ಯೆ. ಆಗುಂಬೆಯ ಏರು ಈ ಪಾಠವನ್ನು ಕಲಿಸುವವರೆಗೆ ನಾನು ಕಾಯಬೇಕಾಗಿರಲಿಲ್ಲ.