ಹೆಸರಿಗೆ ತೆತ್ತ ಬೆಲೆ

ಸರ್ ಸಯ್ಯದ್ ಅಹ್ಮದ್ ಖಾನರು ಕಟ್ಟಿದ ಅಲಿಗಢದ ಕಾಲೇಜು ವಿಶ್ವವಿದ್ಯಾನಿಲಯವಾಗಬೇಕೆಂದು 1911ರಲ್ಲಿ ಆಗಾ ಖಾನರ ಮುಂದಾಳುತನದಲ್ಲಿ ಸಮುದಾಯವು ದೇಣಿಗೆಗಾಗಿ ಊರೂರು ಸುತ್ತಿತು. ಬ್ರಿಟಿಷ್ ಸರಕಾರ ಕೇಳಿದ್ದು 30 ಲಕ್ಷ ರೂಪಾಯಿ. ಶಾಸನವಿಲ್ಲದೆ ಪದವಿಗಳಿಗೆ ಸರಕಾರದ ಮಾನ್ಯತೆ ಸಿಗುವಂತಿರಲಿಲ್ಲ. 1920ರಲ್ಲಿ ಶಾಸನ ಬಂತು, ಹೆಸರು ಬದಲಾಯಿತು, ನಾವು ಹಿಗ್ಗಿದೆವು.

ಅದೇ ಶಾಸನವನ್ನು ಮುಂದಿಟ್ಟು, 1967ರಲ್ಲಿ ಅಝೀಝ್ ಬಾಷಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಈ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವರು ಮುಸ್ಲಿಮರಲ್ಲ ಎಂದು ತೀರ್ಪಿತ್ತಿತು. ಹಾಗಾದರೆ ಆ ದೇಣಿಗೆ ಯಾರದು? ನಾವು ಕೇಳುತ್ತಲೇ ಬಂದ ಪ್ರಶ್ನೆಯಿದು. ಹೆಸರು ಬೇಡಿದವರು ಸ್ಥಾಪಕರೆಂಬ ಹಕ್ಕನ್ನೇ ಕಳೆದುಕೊಳ್ಳಬೇಕೆಂಬ ಈ ವಿಚಿತ್ರ ತರ್ಕವನ್ನು ಏಳು ನ್ಯಾಯಾಧೀಶರ ಪೀಠವು ತಳ್ಳಿಹಾಕಿದ್ದು 2024ರ ನವೆಂಬರ್‌ನಲ್ಲಿ, ಅದೂ 4-3ರ ಬಹುಮತದಿಂದ. ಅಲಿಗಢದ ಅಲ್ಪಸಂಖ್ಯಾತ ಸ್ಥಾನಮಾನದ ಪ್ರಶ್ನೆಯನ್ನು ಮಾತ್ರ ಆ ಪೀಠವು ಮತ್ತೊಂದು ಪೀಠಕ್ಕೆ ಬಿಟ್ಟಿತು.